ವೈನ್ ವಂಚನೆಗೆ ಗುಟ್ಟೇ ಬಂಡವಾಳ

2008ರ ಏಪ್ರಿಲ್ 25ರಂದು ನ್ಯೂಯಾರ್ಕಿನಲ್ಲಿ ಹಳೆಯ ವೈನ್‌ಗಳ ಹರಾಜೊಂದು ಗೊತ್ತಾಗಿತ್ತು. ಪಟ್ಟಿಯಲ್ಲಿ ಫ್ರಾನ್ಸಿನ ಬರ್ಗಂಡಿ ಸೀಮೆಯ ಪೊನ್ಸೊ ಮನೆತನದ ಹೆಸರು ಹೊತ್ತ 97 ಬಾಟಲಿಗಳಿದ್ದವು. ಅವುಗಳಲ್ಲಿ ಹಲವನ್ನು ‘ಕ್ಲೊ ಸೇಂಟ್ ಡೆನಿ’ ಎಂಬ ತೋಟದ, 1945ರಿಂದ 1971ರವರೆಗಿನ ಬೇರೆ ಬೇರೆ ವರ್ಷಗಳ ವೈನ್ ಎಂದು ನಮೂದಿಸಲಾಗಿತ್ತು. ಪಟ್ಟಿ ಅಚ್ಚಾಗಿ ಕೊಳ್ಳುವವರ ಕೈ ಸೇರಿತ್ತು. ಸುದ್ದಿ ಮುಟ್ಟಿದ ಕೂಡಲೇ ಮನೆತನದ ಯಜಮಾನ ಲೋರಾಂ ಪೊನ್ಸೊ ಈ ಬಾಟಲಿಗಳನ್ನು ಮಾರಬೇಡಿ ಎಂದು ತಾಕೀತು ಮಾಡಿದರು. ಅಷ್ಟಕ್ಕೇ ಸುಮ್ಮನಾಗದೆ ವಿಮಾನ ಹತ್ತಿ ಹರಾಜು ನಡೆಯುವ ಜಾಗಕ್ಕೇ ಬಂದರು. ಅವರ ಬಳಿ ಇದ್ದ ಪುರಾವೆ ಬಲು ಸರಳವಾದದ್ದು. ಆ ತೋಟದ ವೈನನ್ನು ಅವರ ಮನೆಯವರು ಮಾಡಲು ಶುರು ಮಾಡಿದ್ದೇ 1982ರಲ್ಲಿ. ಅದೇ ಪಟ್ಟಿಯಲ್ಲಿ 1929ರದು ಎನ್ನಲಾದ ಇನ್ನೊಂದು ತೋಟದ ಬಾಟಲಿಯೂ ಇತ್ತು. ಪೊನ್ಸೊ ಮನೆಯವರು ತಮ್ಮ ಹೆಸರಿನಲ್ಲಿ ಬಾಟಲಿ ತುಂಬಲು ತೊಡಗಿದ್ದು 1934ರಲ್ಲಿ. ಬಾಟಲಿಗಳನ್ನು ಹರಾಜಿನಿಂದ ಹಿಂತೆಗೆಯಲಾಯಿತು. ಅವುಗಳನ್ನು ಮಾರಾಟಕ್ಕೆ ಇಟ್ಟಿದ್ದವನು ರೂಡಿ ಕುರ್ನಿಯಾವನ್ ಎಂಬ, ಇಂಡೊನೇಷ್ಯಾದಿಂದ ಬಂದು ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದ್ದ ಯುವಕ. ಇವು ನಿನಗೆ ಎಲ್ಲಿಂದ ಬಂದವು ಎಂದು ಪೊನ್ಸೊ ಕೇಳಿದಾಗ ಅವನು ಜಕಾರ್ತಾದ ಒಬ್ಬರ ಹೆಸರು ಹೇಳಿ ಎರಡು ಫೋನ್ ನಂಬರ್ ಕೊಟ್ಟ. ವಿಚಾರಿಸಿದರೆ ಒಂದು ನಂಬರ್ ವಿಮಾನ ಕಂಪನಿಯದು, ಇನ್ನೊಂದು ಶಾಪಿಂಗ್ ಮಾಲ್‌ನದು.

ಎಫ್‌ಬಿಐ ಅವನ ಮನೆ ಬಾಗಿಲು ತಟ್ಟಿದ್ದು ನಾಲ್ಕು ವರ್ಷಗಳ ಮೇಲೆ, 2012ರ ಮಾರ್ಚ್‌ನಲ್ಲಿ. ಲಾಸ್ ಏಂಜಲೀಸ್ ಪಕ್ಕದ ಆರ್ಕೇಡಿಯಾದ ಆ ಮನೆಯಲ್ಲಿ ಅವನು ತಾಯಿಯ ಜೊತೆ ಇದ್ದ. ಅಡುಗೆಮನೆಯ ಸಿಂಕಿನಲ್ಲಿ ಲೇಬಲ್ ಬಿಡಿಸಲು ಬಾಟಲಿಗಳನ್ನು ನೀರಿನಲ್ಲಿ ನೆನೆಹಾಕಲಾಗಿತ್ತು. ಹೆಸರಾಂತ ತೋಟಗಳ ಸಾವಿರಾರು ಲೇಬಲ್‌ಗಳು, ಹಳೆಯ ಬಿರಡೆಗಳು, ಬಿರಡೆ ಜಡಿಯುವ ಸಲಕರಣೆ, ಇಸವಿ ಒತ್ತುವ ರಬ್ಬರ್ ಮುದ್ರೆಗಳು, ಅರಗು, ಎಲ್ಲವೂ ಅಲ್ಲಿದ್ದವು. ಬೆರಕೆಯ ಪಾಕವನ್ನೂ ಅವನು ಬರೆದಿಟ್ಟಿದ್ದ. 1940ರ ದಶಕದ ಮೂತೋ ರಾಥ್‌ಶೀಲ್ಡ್ ಎಂಬ ವೈನ್ ಬೇಕೆಂದರೆ ಅರ್ಧ ಪಾಲು 1988ರ ಪಿಶೋನ್, ಕಾಲು ಪಾಲು ಗಾಳಿ ತಾಗಿ ಕೆಟ್ಟ ಬೋರ್ಡೊ, ಕಾಲು ಪಾಲು ನಾಪಾದ ಕ್ಯಾಬರ್ನೆ. ಖಾಲಿ ಬಾಟಲಿ ಬಂದ ದಾರಿ ಇನ್ನೂ ಸೋಜಿಗದ್ದು. ನ್ಯೂಯಾರ್ಕಿನ ರೆಸ್ಟೋರೆಂಟಿನಲ್ಲಿ ಗೆಳೆಯರಿಗೆಲ್ಲ ಅಸಲಿ ಹಳೆಯ ವೈನ್ ಕುಡಿಸಿ, ಊಟ ಮುಗಿದ ಮೇಲೆ ಖಾಲಿ ಬಾಟಲಿಗಳನ್ನು ತನ್ನ ಮನೆಗೆ ಕಳುಹಿಸಿಕೊಡಿ ಎಂದು ಕೇಳುತ್ತಿದ್ದ. ನೆನಪಿಗೆಂದು ಇಟ್ಟುಕೊಳ್ಳುತ್ತಾನೆ ಎಂದುಕೊಂಡು ರೆಸ್ಟೋರೆಂಟಿನವರು ಕಳುಹಿಸಿದರು. 2006ರ ಎರಡೇ ಹರಾಜುಗಳಲ್ಲಿ ಅವನು ಕೊಟ್ಟ ಬಾಟಲಿಗಳು ಸುಮಾರು 3.5 ಕೋಟಿ ಡಾಲರಿಗೆ ಮಾರಾಟವಾಗಿದ್ದವು. 2013ರ ಡಿಸೆಂಬರ್‌ನಲ್ಲಿ ನ್ಯಾಯಾಲಯ ಅವನನ್ನು ಅಪರಾಧಿ ಎಂದಿತು, 2014ರಲ್ಲಿ 10 ವರ್ಷದ ಸೆರೆವಾಸ ವಿಧಿಸಿತು. ನಕಲಿ ವೈನ್ ಮಾರಿದ್ದಕ್ಕಾಗಿ ಅಮೆರಿಕದಲ್ಲಿ ವಿಚಾರಣೆ ನಡೆದು ಶಿಕ್ಷೆಯಾದ ಮೊದಲ ವ್ಯಕ್ತಿ ಅವನು.

ಈ ಕಥೆಯನ್ನು ಸಾಮಾನ್ಯವಾಗಿ ಒಬ್ಬ ಜಾಣ ಕಳ್ಳನ ಸಾಹಸವೆಂಬಂತೆ ಹೇಳಲಾಗುತ್ತದೆ. ಅವನ ನಾಲಿಗೆ ಎಷ್ಟು ಸೂಕ್ಷ್ಮವಾಗಿತ್ತು, ಕೈಚಳಕ ಎಷ್ಟಿತ್ತು ಎಂಬ ಬೆರಗೇ ಅದರಲ್ಲಿ ಹೆಚ್ಚು. ನನಗೆ ಇದು ಒಪ್ಪಿಗೆಯಿಲ್ಲ. ಪೊನ್ಸೊ ಮನೆ 1982ಕ್ಕೆ ಮೊದಲು ಯಾವ ತೋಟದ ವೈನ್ ಮಾಡುತ್ತಿತ್ತು ಎಂಬುದನ್ನು ತಿಳಿಯಲು ಒಂದು ಫೋನ್ ಕರೆ ಸಾಕಿತ್ತು. ಅಂಥ ಕರೆಯನ್ನು ಮಾಡದೆ ಪಟ್ಟಿ ಅಚ್ಚಾಯಿತಲ್ಲ, ಪ್ರಶ್ನೆ ಅಲ್ಲಿದೆ. ಹಳೆಯ ವೈನಿನ ವ್ಯಾಪಾರದಲ್ಲಿ ಮಾರುವವನ ಹೆಸರು ಗುಟ್ಟು, ಅವನಿಗೆ ಮಾಲು ಬಂದ ದಾರಿ ಗುಟ್ಟು, ಮೋಸವಾಯಿತೆಂದು ವಾಪಸು ಬಂದ ಬಾಟಲಿಯ ಗತಿ ಗುಟ್ಟು. ಈ ಗುಟ್ಟುಗಳ ನಡುವೆ ಕೊಳ್ಳುವವನ ಕೈಗೆ ಉಳಿಯುವ ಒಂದೇ ಪರೀಕ್ಷೆ ಎಂದರೆ ನಾಲಿಗೆ. ಆ ನಾಲಿಗೆಯನ್ನು ನಂಬುವಂತಿಲ್ಲ ಎಂಬುದಕ್ಕೆ ಬೇಕಾದಷ್ಟು ಸಾಕ್ಷ್ಯವಿದೆ. ಬೋರ್ಡೊದ ಸಂಶೋಧಕರು 54 ಮಂದಿ ವಿದ್ಯಾರ್ಥಿಗಳಿಗೆ ಬಿಳಿ ವೈನಿಗೇ ರುಚಿಯಿಲ್ಲದ ಕೆಂಪು ಬಣ್ಣ ಬೆರೆಸಿ ಕೊಟ್ಟರು. ಅವರು ಕೆಂಪು ವೈನನ್ನು ಬಣ್ಣಿಸುವ ಮಾತುಗಳಿಂದಲೇ ಅದನ್ನು ಬಣ್ಣಿಸಿದರು. 2001ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಪಾಲ್ಗೊಂಡವರು ವೈನ್ ತಯಾರಿಕೆಯನ್ನೇ ಕಲಿಯುತ್ತಿದ್ದವರು. 2008ರಲ್ಲಿ ಕ್ಯಾಲಿಫೋರ್ನಿಯಾದ ಇನ್ನೊಂದು ತಂಡ 5 ಡಾಲರಿನ ವೈನನ್ನು 45 ಡಾಲರಿನದೆಂದು ಹೇಳಿ ಕುಡಿಸಿ, ಮಿದುಳನ್ನು ಸ್ಕ್ಯಾನ್ ಮಾಡಿ ನೋಡಿತು. ಬೆಲೆ ಹೆಚ್ಚೆಂದು ಕೇಳಿದಾಗ ಜನ ಅದೇ ವೈನನ್ನು ಹೆಚ್ಚು ಮೆಚ್ಚಿದರು. ಬಾಯಿಮಾತಿಗೆ ಮೆಚ್ಚಿದ್ದಲ್ಲ, ಮಿದುಳಿನಲ್ಲಿ ಸುಖವನ್ನು ಗುರುತಿಸುವ ಭಾಗದ ಚಟುವಟಿಕೆಯೇ ಏರಿತ್ತು. ಹೀಗಿರುವಾಗ, ಅರವತ್ತು ವರ್ಷ ಹಿಂದಿನ ವೈನನ್ನು ಬದುಕಿನಲ್ಲಿ ಒಮ್ಮೆಯೋ ಎರಡು ಬಾರಿಯೋ ಕುಡಿದವನು ಅಸಲಿ ಯಾವುದು ನಕಲಿ ಯಾವುದು ಎಂದು ತೀರ್ಪು ಕೊಡುವುದಾದರೂ ಹೇಗೆ?

ನಾಲಿಗೆ ಸೋತಲ್ಲಿ ಲೆಕ್ಕದ ಪುಸ್ತಕ ಗೆದ್ದ ಉದಾಹರಣೆ ಬೇಕೆಂದರೆ ಫ್ರಾನ್ಸಿನ ದಕ್ಷಿಣಕ್ಕೆ, ಲಾಂಗ್ವೆದಾಕ್ ಸೀಮೆಗೆ ಹೋಗಬೇಕು. ಅಲ್ಲಿನ ವ್ಯಾಪಾರಿಗಳೂ ಸಹಕಾರ ಸಂಘಗಳೂ ಸೇರಿ ಅಗ್ಗದ ಮೆರ್ಲೊ, ಸಿರಾ ದ್ರಾಕ್ಷಿಯ ವೈನನ್ನು ದುಬಾರಿ ಪಿನೊ ನ್ವಾರ್ ಎಂಬ ಹೆಸರಿನಲ್ಲಿ ಅಮೆರಿಕದ ದೊಡ್ಡ ಕಂಪನಿಯೊಂದಕ್ಕೆ ಮಾರುತ್ತಿದ್ದರು. ಒಂದೆರಡು ಪೆಟ್ಟಿಗೆಯಲ್ಲ, ಸುಮಾರು 1.8 ಕೋಟಿ ಬಾಟಲಿ ತುಂಬುವಷ್ಟು. ಇದನ್ನು ಯಾವ ರುಚಿಗಾರನೂ ಹಿಡಿಯಲಿಲ್ಲ. ಲೆಕ್ಕ ತಪಾಸಣೆಗೆ ಕೂತ ಅಧಿಕಾರಿಗಳು ಎರಡು ಸಂಗತಿ ಗಮನಿಸಿದರು: ಖರೀದಿಯ ಬೆಲೆ ಮಾರುಕಟ್ಟೆಗಿಂತ ತೀರ ಕಡಿಮೆ ಇದೆ, ಮಾರಾಟವಾದ ಪಿನೊ ನ್ವಾರ್ ಆ ಸೀಮೆಯಲ್ಲಿ ಬೆಳೆಯುವುದಕ್ಕಿಂತ ಹೆಚ್ಚಿದೆ. 2010ರಲ್ಲಿ ಕಾರ್ಕಸೋನ್ ನ್ಯಾಯಾಲಯ 12 ಮಂದಿಯನ್ನು ತಪ್ಪಿತಸ್ಥರೆಂದು ತೀರ್ಮಾನಿಸಿತು. ಆ ವಿಚಾರಣೆಯಲ್ಲಿ ಪ್ರತಿವಾದಿಗಳ ಕಡೆಯ ವಕೀಲರು ಮಂಡಿಸಿದ ಒಂದು ವಾದ ನನ್ನ ಮಾತಿಗೆ ಸಿಗಬಹುದಾದ ಅತ್ಯುತ್ತಮ ಸಾಕ್ಷಿ. ಒಬ್ಬನೇ ಒಬ್ಬ ಅಮೆರಿಕನ್ ಗ್ರಾಹಕನೂ ದೂರು ಕೊಟ್ಟಿಲ್ಲ, ಹಾಗಾಗಿ ಯಾರಿಗೂ ನಷ್ಟವಾಗಿಲ್ಲ ಎಂದರು ಅವರು. ದೂರು ಬಾರದಿದ್ದುದು ನಿಜ. ಆದರೆ ನಿಜವಾಗಿ ಪಿನೊ ನ್ವಾರ್ ಬೆಳೆದು, ಕಡಿಮೆ ಇಳುವರಿಯ ಆ ಬಳ್ಳಿಗೆ ಹೆಚ್ಚು ಖರ್ಚು ಮಾಡಿ, ನ್ಯಾಯವಾದ ಬೆಲೆ ಕೇಳಿದ ರೈತ ಆ ಅಗ್ಗದ ಸುಳ್ಳಿನ ಎದುರು ಸ್ಪರ್ಧಿಸಬೇಕಾಗಿತ್ತು. ನಷ್ಟ ಅವನ ಹೊಲದಲ್ಲಿ ಆಗಿದೆ, ಗ್ರಾಹಕನ ಗ್ಲಾಸಿನಲ್ಲಿ ಹುಡುಕಿದರೆ ಸಿಗುವುದಿಲ್ಲ.

ಇಂದಿನ ವಿಜ್ಞಾನ ಇರುವಾಗ ಇಷ್ಟು ಚಿಂತೆ ಏಕೆ, ಪ್ರಯೋಗಾಲಯ ಎಲ್ಲವನ್ನೂ ಬಯಲಿಗೆಳೆಯುತ್ತದಲ್ಲ ಎನ್ನುವವರಿದ್ದಾರೆ. ಪ್ರಯೋಗಾಲಯದ ಬಗ್ಗೆ ನನಗೆ ಗೌರವವಿದೆ. ವೈನಿಗೆ ಹೊರಗಿನ ಸಕ್ಕರೆ ಹಾಕಿದ್ದಾರೆಯೇ ಎಂಬುದನ್ನು ಮದ್ಯಸಾರದ ಅಣುಗಳಲ್ಲಿರುವ ಹೈಡ್ರೋಜನ್ ಐಸೊಟೋಪ್‌ಗಳಿಂದ ಪತ್ತೆ ಹಚ್ಚುವ ವಿಧಾನ ಫ್ರಾನ್ಸಿನ ನಾಂತ್ ನಗರದಲ್ಲಿ ರೂಪುಗೊಂಡು, ಈಗ ಯುರೋಪಿನಾದ್ಯಂತ ಬಳಕೆಯಲ್ಲಿದೆ. ಆದರೆ ಪ್ರಯೋಗಾಲಯದ ಮಿತಿ ಎಲ್ಲಿದೆ ಎಂಬುದನ್ನು ‘ಜೆಫರ್ಸನ್ ಬಾಟಲಿ’ಗಳ ಪ್ರಕರಣ ತೋರಿಸುತ್ತದೆ. 1985ರ ಡಿಸೆಂಬರ್‌ನಲ್ಲಿ ಲಂಡನ್ನಿನ ಕ್ರಿಸ್ಟೀಸ್ ಹರಾಜಿನಲ್ಲಿ 1787ರ ಲಾಫಿತ್ ವೈನಿನದು ಎನ್ನಲಾದ ಒಂದು ಬಾಟಲಿ 1,05,000 ಪೌಂಡಿಗೆ ಹೋಯಿತು. ಅದರ ಗಾಜಿನ ಮೇಲೆ ‘ಟಿಎಚ್.ಜೆ’ ಎಂದು ಕೊರೆದಿತ್ತು. ಅಮೆರಿಕದ ಮೂರನೆಯ ಅಧ್ಯಕ್ಷ ಥಾಮಸ್ ಜೆಫರ್ಸನ್ನನ ಸ್ವತ್ತು ಎಂಬ ಪ್ರತೀತಿ. ಇವನ್ನು ತಂದವನು ಹಾರ್ಡಿ ರೋಡನ್‌ಸ್ಟಾಕ್ ಎಂಬ ಜರ್ಮನ್. ಪ್ಯಾರಿಸ್ಸಿನ ಹಳೆಯ ಮನೆಯೊಂದರ ಗೋಡೆ ಕಟ್ಟಿ ಮುಚ್ಚಿದ್ದ ನೆಲಮಾಳಿಗೆಯಲ್ಲಿ ಸಿಕ್ಕಿತು ಎಂದ, ಯಾವ ಮನೆ ಎಂದು ಕೊನೆಯವರೆಗೂ ಹೇಳಲಿಲ್ಲ. ಅಮೆರಿಕದ ಉದ್ಯಮಿ ಬಿಲ್ ಕೋಕ್ ಅಂಥ ನಾಲ್ಕು ಬಾಟಲಿಗಳನ್ನು ಸುಮಾರು ಐದು ಲಕ್ಷ ಡಾಲರಿಗೆ ಕೊಂಡರು. ಅನುಮಾನ ಬಂದ ಮೇಲೆ ಫ್ರೆಂಚ್ ಭೌತವಿಜ್ಞಾನಿಯೊಬ್ಬರಿಂದ ಬಾಟಲಿ ಬಿಚ್ಚದೆಯೇ ಸೀಸಿಯಂ-137 ಪರೀಕ್ಷೆ ಮಾಡಿಸಿದರು. ಅಣುಬಾಂಬುಗಳ ಸ್ಫೋಟದಿಂದ ಗಾಳಿಗೆ ಸೇರಿದ ಈ ಧಾತು ಆಮೇಲಿನ ಎಲ್ಲ ದ್ರಾಕ್ಷಿಯಲ್ಲೂ ಇರುತ್ತದೆ. ಕೋಕ್ ಅವರ ಬಾಟಲಿಯಲ್ಲಿ ಅದು ಇರಲಿಲ್ಲ. ಅಂದರೆ ವಿಜ್ಞಾನ ಹೇಳಿದ್ದು ಇಷ್ಟು: ಇದು 1945ಕ್ಕೆ ಮೊದಲಿನದು. 1787ರದೋ 1930ರದೋ ಹೇಳಲು ಅದಕ್ಕೆ ಆಗಲಿಲ್ಲ. ಗುಟ್ಟು ಬಿಚ್ಚಿಕೊಂಡದ್ದು ಬೇರೆ ದಾರಿಯಲ್ಲಿ. ಅಕ್ಷರಗಳನ್ನು ಕೊರೆದದ್ದು ವಿದ್ಯುತ್ ಉಪಕರಣದಿಂದ ಎಂದು ಗಾಜಿನ ತಜ್ಞರು ಕಂಡುಕೊಂಡರು. ಅದಕ್ಕೂ ಮೊದಲು, 1985ರಲ್ಲೇ, ಜೆಫರ್ಸನ್ ಮನೆಯಾದ ಮಾಂಟಿಚೆಲೊದ ಸಂಶೋಧಕರು ಒಂದು ಮಾತು ಹೇಳಿದ್ದರು. ತನ್ನ ಖರ್ಚುವೆಚ್ಚವನ್ನು ದಿನದಿನವೂ ಬರೆದಿಡುತ್ತಿದ್ದ ಜೆಫರ್ಸನ್ನನ ಕಡತಗಳಲ್ಲಿ ಈ ಬಾಟಲಿಗಳ ಸುಳಿವೇ ಇಲ್ಲ ಎಂಬುದು ಆ ಮಾತು. ಅದಕ್ಕೆ ಕಿವಿಗೊಟ್ಟವರು ಯಾರೂ ಇರಲಿಲ್ಲ, ಏಕೆಂದರೆ ಕಿವಿಗೊಟ್ಟರೆ ಎಲ್ಲರಿಗೂ ನಷ್ಟವಿತ್ತು.

ಕೊನೆಯ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಕಲಿ ನೋಟು ಕೈಗೆ ಬಂದವನು ಕಳೆದುಕೊಳ್ಳುವುದು ಆ ನೋಟನ್ನಷ್ಟೇ. ನಕಲಿ ವೈನ್ ಕೊಂಡವನು ಹಣದ ಜೊತೆಗೆ ಬಲ್ಲವನೆಂಬ ಹೆಸರನ್ನೂ ಕಳೆದುಕೊಳ್ಳುತ್ತಾನೆ. ಹರಾಜಿನವರಿಗೆ ಕಮಿಷನ್ ತಪ್ಪುತ್ತದೆ, ಮೆಚ್ಚಿ ಬರೆದ ವಿಮರ್ಶಕನ ಮಾತಿನ ಬೆಲೆ ಹೋಗುತ್ತದೆ, ಅಂಥದೇ ಬಾಟಲಿ ಇಟ್ಟುಕೊಂಡ ಇತರರ ಸಂಗ್ರಹದ ಮೌಲ್ಯ ಕುಸಿಯುತ್ತದೆ. ಆದ್ದರಿಂದ ಮೋಸ ಹೋದವನು ಸುಮ್ಮನೆ ಹಣ ವಾಪಸು ಪಡೆಯುತ್ತಾನೆ, ಇಲ್ಲವೇ ಇನ್ನೊಬ್ಬನಿಗೆ ದಾಟಿಸುತ್ತಾನೆ. ಕುರ್ನಿಯಾವನ್ ವಿಷಯದಲ್ಲೂ ಸೂಚನೆಗಳು ಬೇಗನೆ ಬಂದಿದ್ದವು. 2007ರಲ್ಲೇ ಅವನು ಕೊಟ್ಟಿದ್ದ 1982ರ ಲ ಪ್ಯಾಂ ಎಂಬ ವೈನಿನ ದೊಡ್ಡ ಬಾಟಲಿಗಳನ್ನು ಲಾಸ್ ಏಂಜಲೀಸ್‌ನ ಹರಾಜೊಂದರಿಂದ ಹಿಂತೆಗೆಯಲಾಗಿತ್ತು. ಆದರೂ ಒಂದು ವರ್ಷದ ನಂತರ ಪೊನ್ಸೊ ಬಾಟಲಿಗಳು ಇನ್ನೊಂದು ಹರಾಜಿಗೆ ಬಂದವು. 2012ರ ಫೆಬ್ರುವರಿಯಲ್ಲಿ, ಬಂಧನಕ್ಕೆ ಒಂದು ತಿಂಗಳ ಮುಂಚೆ, ಬೇರೊಬ್ಬರ ಮೂಲಕ ಅವನ ಬಾಟಲಿಗಳು ಲಂಡನ್ನಿನ ಪಟ್ಟಿಗೂ ಏರಿದ್ದವು. 2015ರಲ್ಲಿ ಅಮೆರಿಕದ ಮಾರ್ಷಲ್‌ಗಳು ಅವನಿಂದ ವಶಪಡಿಸಿಕೊಂಡಿದ್ದ ಐನೂರಕ್ಕೂ ಹೆಚ್ಚು ನಕಲಿ ಬಾಟಲಿಗಳನ್ನು ಟೆಕ್ಸಸ್ಸಿನಲ್ಲಿ ಪುಡಿಗಟ್ಟಿಸಿದರು. ಅಷ್ಟರಲ್ಲಿ ಮಾರಾಟವಾಗಿ ಹೋಗಿದ್ದ ಉಳಿದವು? ಅವು ಈಗಲೂ ಯಾರ ಯಾರದೋ ನೆಲಮಾಳಿಗೆಯಲ್ಲಿವೆ. ಅವರು ತೀರಿಕೊಂಡಾಗ ಮಕ್ಕಳು ಅವನ್ನು ಅಪ್ಪನ ಆಸ್ತಿ ಎಂದು ನಂಬಿಯೇ ಹರಾಜಿಗೆ ತರುತ್ತಾರೆ. ಆಗ ವಂಚಿಸುವ ಉದ್ದೇಶ ಯಾರಿಗೂ ಇರುವುದಿಲ್ಲ, ವಂಚನೆ ಮಾತ್ರ ನಡೆದಿರುತ್ತದೆ.

ಹಣವಂತರು ಹಣವಂತರಿಗೆ ಮೋಸ ಮಾಡಿದರೆ ನಮಗೇನು ಎಂಬ ಪ್ರಶ್ನೆ ಇಲ್ಲಿ ಸಹಜವಾಗಿಯೇ ಬರುತ್ತದೆ. ಒಂದು ಊಟಕ್ಕೆ ಹತ್ತು ಸಾವಿರ ಡಾಲರ್ ಸುರಿಯುವವರ ಬಗ್ಗೆ ಕಣ್ಣೀರು ಹಾಕಿ ಎಂದು ನಾನೂ ಕೇಳುತ್ತಿಲ್ಲ. ಆದರೆ ವೈನಿನಲ್ಲಿ ಏನಿದೆ, ಎಲ್ಲಿಂದ ಬಂತು ಎಂದು ಕೇಳದೆ ಸಾಗುವ ವ್ಯಾಪಾರ ಸಿರಿವಂತರ ಮೇಜಿಗೆ ಬಂದು ನಿಲ್ಲುವುದಿಲ್ಲ. 1985ರಲ್ಲಿ ಆಸ್ಟ್ರಿಯಾದ ಕೆಲವು ವರ್ತಕರು ತೆಳುವಾದ ವೈನನ್ನು ಸಿಹಿಯಾಗಿ, ದಪ್ಪವಾಗಿ ತೋರಿಸಲು ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷವಸ್ತುವನ್ನು ಬೆರೆಸಿದ್ದು ಹೊರಬಿತ್ತು. ಆ ದೇಶದ ವೈನ್ ರಫ್ತು ಕುಸಿದು ಬಿತ್ತು. ತಪ್ಪೇ ಮಾಡದ ಸಾವಿರಾರು ಬೆಳೆಗಾರರು ಬೆಲೆ ತೆತ್ತರು, ಮೊದಲಿನ ಸ್ಥಿತಿಗೆ ಬರಲು ಒಂದೂವರೆ ದಶಕವೇ ಹಿಡಿಯಿತು. ಮರುವರ್ಷ ಇಟಲಿಯಲ್ಲಿ ಅಗ್ಗದ ವೈನಿನ ಮದ್ಯಸಾರ ಹೆಚ್ಚಿಸಲು ಮೆಥನಾಲ್ ಬೆರೆಸಿದರು. 23 ಮಂದಿ ಸತ್ತರು, ಇನ್ನೂ ಹಲವರ ಕಣ್ಣು ಹೋಯಿತು. ಮೆಥನಾಲ್ ಎಂದರೆ ಏನೆಂದು ಕನ್ನಡಿಗರಿಗೆ ಬಿಡಿಸಿ ಹೇಳಬೇಕಿಲ್ಲ. 1981ರಲ್ಲಿ ಬೆಂಗಳೂರಿನಲ್ಲಿ ಮುನ್ನೂರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡ, 2008ರಲ್ಲಿ ಬೆಂಗಳೂರಿನ ಸುತ್ತಮುತ್ತ ಮತ್ತು ಗಡಿಯಾಚೆಯ ತಮಿಳುನಾಡಿನಲ್ಲಿ ನೂರಕ್ಕೂ ಹೆಚ್ಚು ಜನರನ್ನು ಕೊಂದ ಕಳ್ಳಭಟ್ಟಿ ದುರಂತಗಳು ಇನ್ನೂ ನೆನಪಿನಲ್ಲಿವೆ. ಅದು ವೈನ್ ಅಲ್ಲ, ಸತ್ತವರು ಕೂಲಿಕಾರರು, ಸಂದರ್ಭವೇ ಬೇರೆ. ಆದರೂ ಕುಡಿಯುವವನಿಗೆ ತಾನು ಕುಡಿಯುತ್ತಿರುವುದು ಎಲ್ಲಿಂದ ಬಂತು ಎಂದು ತಿಳಿಯುವ ದಾರಿಯೇ ಇಲ್ಲದಿದ್ದುದು ಎರಡೂ ಕಡೆ ಒಂದೇ.

ಇದಕ್ಕೆ ಮದ್ದು ಹೊಸದಾಗಿ ಕಂಡುಹಿಡಿಯಬೇಕಾದ್ದಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಫಿಲಾಕ್ಸೆರಾ ಎಂಬ ಹೇನು ಫ್ರಾನ್ಸಿನ ದ್ರಾಕ್ಷಿ ಬೇರುಗಳನ್ನು ತಿಂದು ಮುಗಿಸಿದಾಗ, ವೈನಿನ ಕೊರತೆ ತುಂಬಲು ಒಣದ್ರಾಕ್ಷಿ, ಸಕ್ಕರೆ, ನೀರಿನಿಂದ ಮಾಡಿದ ಪಾನೀಯ ಮಾರುಕಟ್ಟೆಗೆ ನುಗ್ಗಿತು. ತೋಟಗಳು ಚೇತರಿಸಿಕೊಂಡ ಮೇಲೂ ಅದು ನಿಲ್ಲಲಿಲ್ಲ. ಬೆಲೆ ಪಾತಾಳಕ್ಕೆ ಇಳಿಯಿತು. 1907ರಲ್ಲಿ ಲಾಂಗ್ವೆದಾಕ್‌ನ ಬೆಳೆಗಾರರು ಬೀದಿಗಿಳಿದರು. ಜೂನ್‌ನಲ್ಲಿ ಮೋಂಪೆಲಿಯೆ ನಗರದಲ್ಲಿ ಲಕ್ಷಾಂತರ ಜನ ಸೇರಿದರು, ನಾರ್ಬೋನ್‌ನಲ್ಲಿ ಸೈನಿಕರ ಗುಂಡಿಗೆ ಜನ ಬಲಿಯಾದರು, ಒಂದು ಪಡೆಯ ಸೈನಿಕರು ರೈತರ ಪರ ದಂಗೆ ಎದ್ದರು. ಅವರ ಬೇಡಿಕೆ ಸಾಲ ಮನ್ನಾ ಆಗಿರಲಿಲ್ಲ, ಸಹಾಯಧನವೂ ಆಗಿರಲಿಲ್ಲ. ದ್ರಾಕ್ಷಿಯಿಂದ ಮಾಡದ್ದನ್ನು ವೈನ್ ಎಂದು ಮಾರಬಾರದು ಎಂಬುದೇ ಅವರ ಮುಖ್ಯ ಕೂಗು. ಅದೇ ಜೂನ್ 29ರಂದು ಹೊರಟ ಕಾನೂನು ಪ್ರತಿ ಬೆಳೆಗಾರನೂ ತನ್ನ ಫಸಲು ಎಷ್ಟು, ಉಳಿದ ದಾಸ್ತಾನು ಎಷ್ಟು ಎಂಬುದನ್ನು ಊರಿನ ಪುರಭವನದಲ್ಲಿ ಘೋಷಿಸಬೇಕೆಂದು ವಿಧಿಸಿತು. ಪಿನೊ ನ್ವಾರ್ ವಂಚನೆಯನ್ನು ನೂರು ವರ್ಷದ ಮೇಲೆ ಹಿಡಿದುಕೊಟ್ಟದ್ದು ಇದೇ ಬಗೆಯ ಲೆಕ್ಕ. ವೈನ್ ವಂಚನೆಯ ವಿರುದ್ಧದ ಹೋರಾಟವನ್ನು ಕಟ್ಟಿದವರು ರೈತರು ಎಂಬುದನ್ನು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ಇಂದು ಈ ವಿಷಯ ಬಂದಾಗಲೆಲ್ಲ ಮಾತು ಸಂಗ್ರಾಹಕರ ಸುತ್ತಲೇ ಸುತ್ತುತ್ತದೆ.

ಹಳೆಯ ಬಾಟಲಿಗಳ ವ್ಯಾಪಾರಕ್ಕೂ ಇಂಥ ಬಹಿರಂಗ ಲೆಕ್ಕ ಬೇಕು ಎಂದರೆ ವ್ಯಾಪಾರಿಗಳು ಎರಡು ತಕರಾರು ತೆಗೆಯುತ್ತಾರೆ. ಮಾರುವವರು ಸಾಲದಲ್ಲೋ ವಿಚ್ಛೇದನದಲ್ಲೋ ಸಿಕ್ಕಿಕೊಂಡವರು, ಹೆಸರು ಬಯಲಾದರೆ ಅವರ ಮಾನ ಹೋಗುತ್ತದೆ ಎಂಬುದು ಒಂದು. ಇದರಲ್ಲಿ ಹುರುಳಿದೆ. ಆದರೆ ಹೆಸರನ್ನು ಪಟ್ಟಿಯಲ್ಲಿ ಅಚ್ಚು ಹಾಕಿ ಎಂದು ಯಾರೂ ಕೇಳುತ್ತಿಲ್ಲ. ಹಣ ಕೊಟ್ಟು ಕೊಂಡವನಿಗೆ, ತನಿಖೆ ಮಾಡುವ ಅಧಿಕಾರಿಗೆ, ಬಾಟಲಿ ತುಂಬಿದ ಮನೆತನಕ್ಕೆ ಬಾಟಲಿ ಕೈ ಬದಲಿಸಿದ ದಾರಿ ತಿಳಿದರೆ ಸಾಕು. ಮನೆ ಮಾರುವವನೂ ಸಾಲದಲ್ಲಿರಬಹುದು. ಹಾಗೆಂದು ಕ್ರಯಪತ್ರವಿಲ್ಲದೆ ನಾವು ಮನೆ ಕೊಳ್ಳುತ್ತೇವೆಯೇ? ಕಾಗದಪತ್ರವನ್ನೂ ನಕಲು ಮಾಡಬಹುದಲ್ಲ ಎಂಬುದು ಇನ್ನೊಂದು ತಕರಾರು. ಮಾಡಬಹುದು, ಮಾಡಿದ್ದಾರೆ ಕೂಡ. ಆದರೆ ಒಬ್ಬನ ಕಾಗದವನ್ನು ಇನ್ನೊಬ್ಬನ ಪುಸ್ತಕದ ಜೊತೆ ತಾಳೆ ನೋಡುವ ವ್ಯವಸ್ಥೆ ಇದ್ದರೆ ನಕಲಿಗ ಎರಡೂ ಕಡೆ ಸುಳ್ಳು ಬರೆಯಬೇಕಾಗುತ್ತದೆ. ಪೊನ್ಸೊ ಮನೆಯ ಇತಿಹಾಸವನ್ನು ಕುರ್ನಿಯಾವನ್ ತಿದ್ದಲಾರದವನಾಗಿದ್ದ. ತಾಳೆ ನೋಡುವ ಇಂಥ ವ್ಯವಸ್ಥೆ ನಮಗೂ ಹೊಸದಲ್ಲ: ನಮ್ಮ ಚಿನ್ನದಂಗಡಿಗಳಲ್ಲಿ 2023ರ ಏಪ್ರಿಲ್‌ನಿಂದ ಹಾಲ್‌ಮಾರ್ಕ್ ಒಡವೆಗೆ ಆರು ಅಂಕಿ-ಅಕ್ಷರಗಳ ಎಚ್‌ಯುಐಡಿ ಗುರುತು ಕಡ್ಡಾಯವಾಗಿದೆ. ಗಿರಾಕಿ ಅದನ್ನು ಮೊಬೈಲ್‌ನಲ್ಲಿ ಹಾಕಿ ಪರೀಕ್ಷಿಸಬಹುದು. ಇದರಿಂದ ಮೋಸ ಪೂರ್ತಿ ನಿಂತಿದೆ ಎನ್ನಲಾರೆ. ಕೇಳಲು ಗಿರಾಕಿಗೆ ಒಂದು ಹಕ್ಕು ಹುಟ್ಟಿದೆ, ಉತ್ತರಿಸಲು ಅಂಗಡಿಯವನಿಗೆ ಒಂದು ಹೊಣೆ ಹುಟ್ಟಿದೆ, ಅಷ್ಟು ನಿಜ.

ಕರ್ನಾಟಕಕ್ಕೆ ಇದರಲ್ಲಿ ಪಾಲಿದೆ. ನಂದಿಬೆಟ್ಟದ ತಪ್ಪಲಿನಲ್ಲಿ ವೈನ್ ದ್ರಾಕ್ಷಿ ಬೆಳೆಯತೊಡಗಿ ಮೂರು ದಶಕಗಳ ಮೇಲಾಯಿತು, 2007ರಲ್ಲಿ ರಾಜ್ಯ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನೇ ತಂದಿತು. ಬೆಂಗಳೂರು ಬ್ಲೂ ದ್ರಾಕ್ಷಿಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಇಲ್ಲಿನ ಬಾಟಲಿಯ ಮೇಲೆ ಅಬಕಾರಿ ಇಲಾಖೆಯ ಲೇಬಲ್ ಇರುತ್ತದೆ. ಅದು ತೆರಿಗೆ ಕಟ್ಟಿದ್ದನ್ನು ಹೇಳುತ್ತದೆ, ಒಳಗಿನ ದ್ರಾಕ್ಷಿ ಯಾವ ತಾಲ್ಲೂಕಿನದು ಎಂಬುದನ್ನಲ್ಲ. ನಂದಿ ಕಣಿವೆಯ ಹೆಸರಿಗೆ ಬೆಲೆ ಬಂದಷ್ಟೂ ಬೇರೆಡೆಯ ಅಗ್ಗದ ರಸವನ್ನು ಆ ಹೆಸರಿನಲ್ಲಿ ಮಾರುವ ಆಸೆಯೂ ಬರುತ್ತದೆ, ಆಗ ಪೆಟ್ಟು ಬೀಳುವುದು ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರದ ಬೆಳೆಗಾರರಿಗೆ. ವೈನರಿಗಳು ಇನ್ನೂ ಎಣಿಕೆಗೆ ಸಿಗುವಷ್ಟೇ ಇರುವ ಈ ಹೊತ್ತಿನಲ್ಲಿ, ಯಾವ ರೈತನಿಂದ ಯಾವ ತಳಿ ಎಷ್ಟು ಟನ್ ಬಂತು, ಎಷ್ಟು ಲೀಟರ್ ವೈನ್ ಆಯಿತು, ಎಷ್ಟು ಬಾಟಲಿ ಹೊರಹೋಯಿತು ಎಂಬ ವಾರ್ಷಿಕ ಘೋಷಣೆಯನ್ನು ಕಡ್ಡಾಯ ಮಾಡಿ ಸಾರ್ವಜನಿಕರಿಗೆ ನೋಡಲು ಸಿಗುವಂತೆ ಇಡುವುದು ರಾಜ್ಯದ ವೈನ್ ಮಂಡಳಿಗೆ ಕಷ್ಟದ ಕೆಲಸವಲ್ಲ. ಇನ್ನೊಂದು ಕೆಲಸ ಹೋಟೆಲು, ಬಾರುಗಳದ್ದು. ದುಬಾರಿ ವಿದೇಶಿ ಮದ್ಯದ ಖಾಲಿ ಬಾಟಲಿ ಗುಜರಿ ಅಂಗಡಿಗೆ ಹೋಗಿ, ಅಲ್ಲಿಂದ ಅಗ್ಗದ ಮದ್ಯ ತುಂಬಿಕೊಂಡು ಮರಳುವ ದಂಧೆಯನ್ನು ಅಬಕಾರಿ ದಾಳಿಗಳ ಸುದ್ದಿಯಲ್ಲಿ ನಾವು ಮತ್ತೆ ಮತ್ತೆ ಓದುತ್ತೇವೆ. ನ್ಯೂಯಾರ್ಕಿನ ಊಟದ ಮೇಜಿನಿಂದ ಆರ್ಕೇಡಿಯಾದ ಅಡುಗೆಮನೆಗೆ ಹೋದದ್ದೂ ಅಂಥದೇ ಖಾಲಿ ಬಾಟಲಿ. ಅದನ್ನು ಅಲ್ಲೇ ಒಡೆದು, ಒಡೆದದ್ದಕ್ಕೆ ಲೆಕ್ಕ ಬರೆದಿಡುವ ನಿಯಮಕ್ಕೆ ಹೆಚ್ಚೇನೂ ಖರ್ಚಿಲ್ಲ. ಮುಂದಿನ ಅಬಕಾರಿ ವರ್ಷಕ್ಕೆ ಪರವಾನಗಿ ನವೀಕರಿಸುವಾಗಲೇ ಈ ಷರತ್ತನ್ನು ಸೇರಿಸಬಹುದು.